ಅಮ್ಮನ ಲೀಸು

ಕಳೆದ ಶನಿವಾರ ಲಂಡನ್ನಿನ ಕ್ವೀನ್ಸ್‌ಬರಿಯಲ್ಲಿರುವ ನನ್ನ ಫ್ಲ್ಯಾಟಿಗೆ ಹೋಗಿದ್ದೆ. ಹೊಸದಾಗಿ ಬಾಡಿಗೆಗೆ ಬಂದಿರುವ ಗಂಡ ಹೆಂಡತಿಗೆ ಕೆಳಗಿನ ಪೋಸ್ಟ್ ಡಬ್ಬಿಯ ಬೀಗದಕೈ ಕೊಡೋದು ಮರೆತುಹೋಗಿತ್ತು. ಬಾಗಿಲು ತೆರೆದದ್ದೇ ತಡ, ಸೀದ ಹಾಲಿನ ವಾಸನೆ ಮೂಗಿಗೆ ಹೊಡೆಯಿತು. ಹುಡುಗಿ ಹೈದರಾಬಾದಿನವಳು, ಕೈಯಲ್ಲಿ ಒದ್ದೆ ಬಟ್ಟೆ, ಮುಖದಲ್ಲಿ ಗಾಬರಿ. ಊರಿಂದ ಅವಳಮ್ಮ ಫೋನು ಮಾಡಿ ಹಾಲು ಉಕ್ಕಿಸಲೇಬೇಕು ಅಂದಿದ್ದರಂತೆ. ಉಕ್ಕಿದ ಮೇಲೆ ಈ ಕರೆಂಟು ಒಲೆ ಆರಿಸಿದರೂ ಆರದು ಅನ್ನೋದು ಪಾಪ ಅವಳಿಗೇನು ಗೊತ್ತು. "ಕಲೆ ಉಳಿಯಲ್ಲ, ಉಜ್ಜಿ ಉಜ್ಜಿ ತೆಗೀತೀನಿ" ಅಂತ ಇಂಗ್ಲಿಷಿನಲ್ಲಿ ಗೋಗರೆದಳು. ಬಿಡಮ್ಮಾ, ಆ ಒಲೆಗೆ ಇದೆಲ್ಲ ಹೊಸದಲ್ಲ ಅಂತ ಸಮಾಧಾನ ಹೇಳಿದೆ. ಪೂರ್ವದ ಗೋಡೆಯ ಹಳೇ ಮೊಳೆಗೆ ಆಗಲೇ ವೆಂಕಟರಮಣನ ಫೋಟೋ ತಗುಲಿಹಾಕಿದ್ದರು. ಅದನ್ನು ನೋಡಿ, ಆ ವಾಸನೆಯನ್ನೂ ಎಳೆದುಕೊಂಡು ಹೊರಗೆ ಬಂದವಳಿಗೆ ಟ್ಯೂಬ್ ರೈಲು ಹತ್ತುವವರೆಗೂ ಆ ಒಂದು ಚಳಿಗಾಲವೇ ತಲೆಯಲ್ಲಿ.

ಆಗ ನನಗೆ ಇಪ್ಪತ್ತೈದು. ಹೆಸರು ಶಾಲ್ಮಲಾ, ಧಾರವಾಡದ ಅಪ್ಪ ತನ್ನೂರಿನ ಹೊಳೆಯ ಹೆಸರನ್ನೇ ಇಟ್ಟರು. ಅಪ್ಪ ಲಂಡನ್ನಿನ ದಕ್ಷಿಣದ ತುದಿ ಸಟನ್ನಿನ ಆಸ್ಪತ್ರೆಯಲ್ಲಿ ಡಾಕ್ಟರು. ಅಮ್ಮ ಅಪ್ಪಟ ಮೈಸೂರಿನವಳು, ಸಟನ್ನಿನದೇ ಪ್ರೈಮರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಓದು ಕಲಿಸುವ ಕೆಲಸ. ನನಗೆ ಎಂಟು ವರ್ಷವಾಗಿದ್ದಾಗ ಬಂದವರು ನಾವು. ಬಂದದ್ದು ಎರಡು ವರ್ಷಕ್ಕೆ ಅಂತ. ಆಮೇಲೆ ನಾನು ಪರೀಕ್ಷೆ ಬರೆದು ಸೇರುವ ಗ್ರಾಮರ್ ಸ್ಕೂಲಿಗೆ ಪಾಸಾದೆ, ಅದು ಮುಗೀಲಿ ಅಂದರು. ಆಮೇಲೆ ಎ ಲೆವೆಲ್ ಮುಗೀಲಿ. ಆಮೇಲೆ ಡಿಗ್ರಿ. ನಮ್ಮ ಮನೆಯಲ್ಲಿ 'ವಾಪಸ್' ಅನ್ನೋ ಪದಕ್ಕೆ ಇದ್ದದ್ದು ಒಂದೇ ಅರ್ಥ, ಮೈಸೂರು.

ವಾಪಸ್ ಹೋಗೋರು ಮನೆ ಯಾಕೆ ಕೊಳ್ತಾರೆ? ಅಷ್ಟೂ ವರ್ಷ ಸಟನ್ನಿನ ಒಂದೇ ಬಾಡಿಗೆ ಮನೆಯಲ್ಲಿ ಇದ್ದೆವು. ಕರಾರಿನಲ್ಲಿ ಗೋಡೆಗೆ ಮೊಳೆ ಹೊಡೆಯಕೂಡದು ಅಂತ ಬರೆದಿತ್ತು. ಅಮ್ಮ ರೇಷ್ಮೆ ಸೀರೆಯಲ್ಲಿ ಸುತ್ತಿ ತಂದ ಚಾಮುಂಡೇಶ್ವರಿ ಫೋಟೋ ಹಾಗಾಗಿ ಗೋಡೆ ಏರಲೇ ಇಲ್ಲ. ಊಟದ ಮೇಜಿಗೆ ನಾಲ್ಕು ಕುರ್ಚಿ, ನಾವು ಮೂವರು; ನಾಲ್ಕನೆಯದರಲ್ಲಿ ದೇವಿ ಕೂತಳು. ಯಾರಾದರೂ ಊಟಕ್ಕೆ ಬಂದು ಆ ಕಡೆ ಹೆಜ್ಜೆ ಇಟ್ಟರೆ ಅಮ್ಮ, "ಅಯ್ಯೋ, ಅದು ದೇವಿದು, ನೀವು ಇಲ್ಲಿ ಬನ್ನಿ" ಅಂತ ತನ್ನ ಕುರ್ಚಿ ಬಿಟ್ಟುಕೊಟ್ಟು ತಾನು ನಿಂತುಕೊಂಡೇ ಊಟ ಮುಗಿಸೋಳು. ನನ್ನ ಗೆಳತಿಯರಿಗೆ ಇದನ್ನು ಇಂಗ್ಲಿಷಿನಲ್ಲಿ ವಿವರಿಸುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತಿತ್ತು.

ನಾನು ಫಾರ್ಮಸಿ ಮುಗಿಸಿದಾಗ ಕೆಲಸ ಸಿಕ್ಕಿದ್ದು ಲಂಡನ್ನಿನ ಇನ್ನೊಂದು ತುದಿಯ ಆಸ್ಪತ್ರೆಯಲ್ಲಿ. ರೈಲು, ಟ್ಯೂಬ್, ಬಸ್ಸು ಅಂತ ಹೋಗಿ ಬರುವಷ್ಟರಲ್ಲಿ ಜೀವ ಹಣ್ಣಾಗುತ್ತಿತ್ತು. ಆ ರೈಲಿನಲ್ಲೇ ನನಗೆ ಹುಚ್ಚು ಹಿಡಿದದ್ದು. ಫೋನು ತೆರೆದರೆ ಸಾಕು, ಬಿಗಿ ಶರ್ಟು ಹಾಕಿದ ಹುಡುಗರು ಕಾರಿಗೆ ಒರಗಿಕೊಂಡು ಪ್ರಾಪರ್ಟಿ ಪಾಠ ಹೇಳುತ್ತಿದ್ದರು. ಮೊದಲ ಫ್ಲ್ಯಾಟು ಕೊಳ್ಳು, ಒಂದು ರೂಮಿನಲ್ಲಿ ನೀನಿರು, ಇನ್ನೊಂದನ್ನು ಬಾಡಿಗೆಗೆ ಕೊಡು, ಆ ಬಾಡಿಗೆಯಿಂದ ಸಾಲ ತೀರಿಸು, ಆಮೇಲೆ ಎರಡನೆಯದು ಕೊಳ್ಳು. ಕೇಳೋಕೆ ಎಷ್ಟು ಸಲೀಸು! ಮೂವತ್ತು ತುಂಬುವುದರೊಳಗೆ ನಾನೂ ಒಂದು ಕಾರಿಗೆ ಒರಗಿಕೊಳ್ಳುವವಳೇ ಅಂತ ತೀರ್ಮಾನಿಸಿಬಿಟ್ಟೆ.

ಒಂದು ಸಂಜೆ ಊಟಕ್ಕೆ ಕೂತಾಗ ವಿಷಯ ತೆಗೆದೆ. ಕ್ವೀನ್ಸ್‌ಬರಿ, ವೆಂಬ್ಲಿ ಕಡೆ ಇಳುವರಿ ಚೆನ್ನಾಗಿದೆ ಅಂದೆ. 'ಯೀಲ್ಡ್' ಅನ್ನೋದಕ್ಕೆ ನನಗೆ ತೋಚಿದ ಕನ್ನಡ ಅದು.

ಅಪ್ಪ ರೊಟ್ಟಿ ಮುರಿಯೋದು ನಿಲ್ಲಿಸಿದರು. "ಇಳುವರಿ ಅಂದ್ರ? ಫ್ಲ್ಯಾಟಿನ್ಯಾಗ ಜ್ವಾಳಾ ಬೆಳೀತಿಯೇನವ್ವಾ?"

ಅಮ್ಮ ನಗಲಿಲ್ಲ. "ಮನೆ ತಗೊಂಡ್ರೆ ಇಲ್ಲೇ ಕಟ್ಟಿಹಾಕಿಕೊಂಡ ಹಾಗೆ ಕಣೇ ಪುಟ್ಟಿ. ನಾಳೆ ವಾಪಸ್ ಹೋಗುವಾಗ ಅದನ್ನೇನು ತಲೆ ಮೇಲೆ ಹೊತ್ಕೊಂಡು ಹೋಗ್ತೀಯಾ?"

ತೊಂದರೆ ಇದ್ದದ್ದು ಅಲ್ಲೇ. ನನ್ನ ಉಳಿತಾಯ ಬ್ಯಾಂಕಿನವರು ಕೇಳುವ ಮೊದಲ ಕಂತಿಗೆ ಸಾಲುತ್ತಿರಲಿಲ್ಲ. ಅಪ್ಪನ ಸಂಬಳ ಸಂಸಾರಕ್ಕೂ ಧಾರವಾಡದ ಖರ್ಚುಗಳಿಗೂ ಸರಿಹೋಗುತ್ತಿತ್ತು. ಉಳಿದದ್ದು ಅಮ್ಮನ ದುಡ್ಡು. ಶಾಲೆಯ ಸಂಬಳದಲ್ಲಿ ಅವಳು ಒಂದು ಪೆನ್ನಿಯನ್ನೂ ಮುಟ್ಟಿದವಳಲ್ಲ. ಅದಕ್ಕೆ ಹೆಸರೇ 'ಮೈಸೂರು ದುಡ್ಡು'. ವಾಪಸ್ ಹೋದಾಗ ಸರಸ್ವತಿಪುರಂನಲ್ಲಿ ಶಾರದ ದೊಡ್ಡಮ್ಮನ ಮನೆ ಹತ್ತಿರವೇ ಒಂದು ಸಣ್ಣ ಮನೆ, ಮುಂದೆ ಒಂದು ಸಂಪಿಗೆ ಗಿಡ, ಇದು ಅವಳ ಕನಸು. ಆ ದುಡ್ಡಿಲ್ಲದೆ ನನಗೆ ಫ್ಲ್ಯಾಟಿಲ್ಲ, ಅದು ಹೋದರೆ ಅಮ್ಮನಿಗೆ ಮೈಸೂರಿಲ್ಲ. ಬಾಯಿಬಿಟ್ಟು ಕೇಳಿದೆ. "ಅದೊಂದು ಕೇಳಬೇಡ" ಅಂದಳು. ಸರಿ, ಸುಮ್ಮನಾದೆ.

ಸುಮ್ಮನಾದೆ ಅಂದರೆ ಮಾತಿನಲ್ಲಿ ಅಷ್ಟೇ. ಮನೆ ನೋಡೋಕೇನು ದುಡ್ಡು ಕೊಡಬೇಕೆ? ಶನಿವಾರ ಶನಿವಾರ ಹೊರಡುತ್ತಿದ್ದೆ. ಅಮ್ಮನೂ ಜೊತೆಗೆ ಬರುತ್ತಿದ್ದಳು. ಮನೆ ನೋಡೋಕಲ್ಲ, ವೆಂಬ್ಲಿಯ ಈಲಿಂಗ್ ರೋಡಿನ ನಮ್ಮವರ ಅಂಗಡಿಗಳಲ್ಲಿ ನುಗ್ಗೆಕಾಯಿ, ಮಾವಿನಕಾಯಿ, ಎಳೇ ಬದನೆಕಾಯಿ ತರೋಕೆ. ಬಂದ ಮೇಲೆ ಮನೆಯೊಳಗೂ ಬರುತ್ತಿದ್ದಳು, ಬಂದ ಮೇಲೆ ಬಾಯಿಗೆ ಬೀಗ ಹಾಕಿಕೊಳ್ಳೋಕಾಗುತ್ತದೆಯೇ?

ವೆಂಬ್ಲಿ ಸ್ಟೇಡಿಯಂ ಪಕ್ಕದ ಹೊಸ ಫ್ಲ್ಯಾಟೊಂದನ್ನು ನೋಡಿದ್ದು ಚೆನ್ನಾಗಿ ನೆನಪಿದೆ. ಚೂಪು ಬೂಟಿನ ಏಜೆಂಟ್ ಹುಡುಗ ಕೆಳಗೆ ಜಿಮ್ ಇದೆ, ಮೇಲೆ ತಾರಸಿ ತೋಟ ಇದೆ ಅಂತ ಹಾಡುತ್ತಿದ್ದ. ಅಡುಗೆಮನೆ ಹಾಲ್‌ನೊಳಗೇ ಇತ್ತು, ಕಿಟಕಿ ತೆರೆದರೆ ಎರಡು ಬೆರಳು ತೂರುವಷ್ಟು ಜಾಗ. "ಇಂಗಿನ ಒಗ್ಗರಣೆ ಹಾಕಿದ್ರೆ ವಾಸನೆ ಎಲ್ಲಿಗೆ ಹೋಗುತ್ತೆ, ಕೇಳು ಅವನನ್ನ" ಅಂದಳು ಅಮ್ಮ. ಕೇಳಿದೆ. ಅವನು ಇಂಗು ಅಂದರೇನು ಅಂದ. ಹೊರಗೆ ಬಂದರೆ ಅವತ್ತು ಫುಟ್‌ಬಾಲ್ ಮ್ಯಾಚು. ಕೆಂಪು ಶರ್ಟಿನ ಜನಸಾಗರ ಗಂಟಲು ಹರಿದುಕೊಂಡು ಹಾಡುತ್ತಾ ನಮಗೆ ಎದುರಾಗಿ ಬಂತು. ಅಮ್ಮ ನುಗ್ಗೆಕಾಯಿ ಕಟ್ಟನ್ನು ಎದೆಗವಚಿಕೊಂಡು, "ಇದನ್ನ ಒಂದಾದ್ರೂ ಮುರಿದ್ರೆ ನೋಡು ಇವರಿಗೆ" ಅಂತ ಅಷ್ಟೂ ಜನರ ನಡುವೆ ದಾರಿ ಮಾಡಿಕೊಂಡು ನಡೆದಳು. ಇನ್ನೊಂದು ಕಡೆ ಗೋಡೆ ತುಂಬ ಬೂಷ್ಟು. ಮತ್ತೊಂದು ಕಡೆ ಮೆಟ್ಟಿಲು ಹತ್ತುವಷ್ಟರಲ್ಲೇ ಮೂತ್ರದ ವಾಸನೆ. ನಾಲ್ಕು ಗಂಟೆಗೇ ಕತ್ತಲಾಗುವ ಆ ದಿನಗಳಲ್ಲಿ ನನ್ನ ಹುಚ್ಚೂ ಅರ್ಧ ಇಳಿದಿತ್ತು.

ಫೆಬ್ರವರಿಯಲ್ಲಿ ಕ್ವೀನ್ಸ್‌ಬರಿಗೆ ಹೋದೆವು. ಜಿಟಿಜಿಟಿ ಮಳೆ, ಕೈ ಮರಗಟ್ಟುವ ಚಳಿ. ಅಂಗಡಿ ಸಾಲಿನ ಹಿಂದಿನ ಬೀದಿಯಲ್ಲಿ ಹಳೇ ಕೆಂಪು ಇಟ್ಟಿಗೆಯ ಕಟ್ಟಡ, ಮೊದಲ ಮಹಡಿ. ನಾನು ಬಾಗಿಲಲ್ಲಿ "ಛತ್ರಿ ಹೊರಗೇ ಇಡಮ್ಮ" ಅಂದದ್ದು ಒಳಗೆ ಕೇಳಿಸಿತು.

"ಕನ್ನಡವಾ? ಅಯ್ಯೋ ದೇವರೇ! ಬನ್ನಿ ಬನ್ನಿ ಮಾರಾಯ್ರೆ, ಎಂತ ಅಲ್ಲೇ ನಿಂತದ್ದು?"

ಮನೆಯ ಒಡತಿ ಸಿಸಿಲಿಯಾ ಆಂಟಿ. ಉಡುಪಿ ಹತ್ತಿರದ ಕಲ್ಯಾಣಪುರದವರು, ಲಂಡನ್ನಿನ ಆಸ್ಪತ್ರೆಗಳಲ್ಲಿ ನರ್ಸಾಗಿ ದುಡಿದು ರಿಟೈರ್ ಆದವರು. ಊರಿನಲ್ಲಿ ತಮ್ಮನ ಮನೆ ಪಕ್ಕದಲ್ಲೇ ಮನೆ ಕಟ್ಟಿಸಿದ್ದರು. ಫ್ಲ್ಯಾಟು ಮಾರಿ ವಾಪಸ್ ಹೊರಟಿದ್ದರು. ನಿಜವಾಗಿ ವಾಪಸ್ ಹೊರಟ ಒಬ್ಬರನ್ನು ಅಮ್ಮ ನೋಡಿದ್ದು ಅದೇ ಮೊದಲು ಅಂತ ಕಾಣುತ್ತದೆ. ಕಣ್ಣು ಬಿಟ್ಟುಕೊಂಡು ನೋಡಿದಳು. ಏಜೆಂಟನನ್ನು ಇಬ್ಬರೂ ಮರೆತೇಬಿಟ್ಟರು. ಅವನು ಪಾಪ ಬಾಗಿಲ ಹತ್ತಿರ ಫೋನು ನೋಡುತ್ತಾ ನಿಂತ, ಅವನ ಕೈಗೂ ಒಂದು ಲೋಟ ಕಾಫಿ ಬಂತು.

ಮನೆ ಚಿಕ್ಕದು, ಆದರೆ ಅಡುಗೆಮನೆಗೆ ಬೇರೆ ಬಾಗಿಲಿತ್ತು, ಅಗಲವಾಗಿ ತೆರೆಯುವ ಕಿಟಕಿಯಿತ್ತು. ಹಾಲ್‌ನ ಗೋಡೆಯ ಮೇಲೆ ಏಸುವಿನ ದೊಡ್ಡ ಫೋಟೋ. ಅಮ್ಮ ಫೋನಿನ ದಿಕ್ಸೂಚಿ ತೆಗೆದು ನೋಡಿ, "ಪೂರ್ವದ ಗೋಡೆ" ಅಂತ ನನ್ನ ಕಿವಿಯಲ್ಲಿ ಹೇಳಿ ಅಡುಗೆಮನೆಗೆ ನಡೆದಳು, ನಲ್ಲಿ ತಿರುಗಿಸಿ ನೀರು ನೋಡೋಕೆ.

ನಾನು ವಿಡಿಯೋ ಹುಡುಗರು ಕಲಿಸಿದ ಪ್ರಶ್ನೆ ಕೇಳಿದೆ. "ಲೀಸ್ ಎಷ್ಟು ಉಳಿದಿದೆ ಆಂಟಿ?"

"ಲೀಸಾ? ಬೇಕಾದಷ್ಟು ಉಂಟು. ಅದನ್ನು ಈಚೆಗೆ ಉದ್ದ ಮಾಡಿಸಿದ್ದು ನಾನು."

ನಲ್ಲಿ ನಿಂತಿತು. ಅಮ್ಮ ಬಾಗಿಲಲ್ಲಿ ಕಾಣಿಸಿಕೊಂಡಳು. "ಏನು, ಈ ಮನೆ ಲೀಸಿಗಾ?"

"ಹೌದಲ್ಲಾ, ಇಲ್ಲಿ ಫ್ಲ್ಯಾಟೆಲ್ಲ ಲೀಸೇ ಮಾರಾಯ್ರೆ."

ಅಮ್ಮನ ಮುಖ ಅರಳಿದ್ದನ್ನು ನಾನು ಕಣ್ಣಾರೆ ಕಂಡೆ. ವಾಪಸ್ ಬರುವಾಗ ಟ್ಯೂಬಿನಲ್ಲಿ ನನ್ನ ತೊಡೆಗೆ ಒಂದು ಏಟು ಕೊಟ್ಟು, "ಲೀಸು ಅಂತ ಮೊದಲೇ ಬಾಯಿ ಬಿಡೋಕೆ ಏನಾಗಿತ್ತೇ ನಿನಗೆ? ತಗೋ, ಮೈಸೂರು ದುಡ್ಡು ಕೊಡ್ತೀನಿ" ಅಂದಳು. ನಾನು ಆ ಕಿಟಕಿ, ಆ ಕಾಫಿ, ಆ ಪೂರ್ವದ ಗೋಡೆ ಎಲ್ಲ ಸೇರಿ ಮೋಡಿ ಮಾಡಿರಬೇಕು ಅಂದುಕೊಂಡು ಕುಣಿದಾಡಿದೆ.

ಮೈಸೂರು, ಬೆಂಗಳೂರಿನ ಕಡೆ ಲೀಸು ಅಂದರೇನು ಅಂತ ಓದುತ್ತಿರುವ ನಿಮಗೆ ಗೊತ್ತೇ ಇದೆ. ಎಂಟು ವರ್ಷಕ್ಕೆ ಆ ಊರು ಬಿಟ್ಟ ನನಗೆ ಗೊತ್ತಿರಲಿಲ್ಲ. ಹಳಬರು ಭೋಗ್ಯ ಅನ್ನುತ್ತಿದ್ದರಂತೆ. ಮಾಲೀಕನ ಕೈಗೆ ಒಂದು ದೊಡ್ಡ ಗಂಟು ಕೊಡೋದು, ಬಾಡಿಗೆಯಿಲ್ಲದೆ ವಾಸ ಮಾಡೋದು, ಬಿಡುವಾಗ ಗಂಟನ್ನು ಹಾಗೇ ವಾಪಸ್ ಇಸಕೊಳ್ಳೋದು. ಲಂಡನ್ನಿನ ಲೀಸ್ ಅಂದರೆ ಬೇರೆಯೇ. ಫ್ಲ್ಯಾಟು ಕೊಂಡವರದು, ಕೆಳಗಿನ ನೆಲ ಇನ್ನೊಬ್ಬರದು, ಅಲ್ಲಿರುವ ಹಕ್ಕಿಗೆ ಇಷ್ಟು ವರ್ಷ ಅಂತ ಒಂದು ಅವಧಿ. ಗಂಟು ಹೋದದ್ದು ಹೋಯಿತು, ಯಾರೂ ವಾಪಸ್ ಕೊಡುವುದಿಲ್ಲ. ಅಮ್ಮನ ಲೆಕ್ಕದಲ್ಲಿ ಮೈಸೂರು ದುಡ್ಡು ಕ್ವೀನ್ಸ್‌ಬರಿಯಲ್ಲಿ ನಾಲ್ಕು ದಿನ ಇದ್ದು ಬರುತ್ತಿತ್ತು, ಅಷ್ಟೇ.

ಆ ವಾರ ಊಟಕ್ಕೆ ಕೂತಾಗ ಅಪ್ಪ ಬೇರೆ, "ಲೀಸ್ ಅಂದ್ರ ನಮ್ಮ ಕಡೆ ಲಾವಣಿ ಹಾಕಿದಂಗ. ಹೊಲಾ ಒಬ್ಬರದು, ಬೆಳಿ ಒಬ್ಬರದು" ಅಂದರು. "ಹ್ಞೂಂ, ಅದೇ" ಅಂದಳು ಅಮ್ಮ. ಇಬ್ಬರೂ ತಲೆಯಾಡಿಸಿದರು. ನಾನೂ ಆಡಿಸಿದೆ. ಮೂರು ತಲೆ, ಒಂದು ಪದ, ಯಾರಿಗೂ ಅನುಮಾನ ಬರಲಿಲ್ಲ. ಬ್ಯಾಂಕಿನವರು ತಾಯಿ ಕೊಡುವ ದುಡ್ಡು ಸಾಲವಲ್ಲ, ಉಡುಗೊರೆ, ಮಗಳಿಂದ ವಾಪಸ್ ಕೇಳುವುದಿಲ್ಲ ಅಂತ ಬರೆಸಿಕೊಂಡಾಗಲೂ ಅಮ್ಮ ನಗುತ್ತಾ ಸಹಿ ಹಾಕಿದಳು. "ನಿನ್ನಿಂದ ಯಾರು ಕೇಳ್ತಾರೆ? ಕೊಡೋರು ಕೊಡ್ತಾರೆ ಬಿಡು." ಅದು ಅಮ್ಮನ ತಮಾಷೆ ಅಂದುಕೊಂಡೆ, ದೇವರ ವಿಷಯವೇನೋ ಅಂತ.

ಎರಡೂ ಕಡೆಯವರು ಸಹಿ ಹಾಕಿದ ಕರಾರುಪತ್ರ ಬದಲಾಯಿಸಿಕೊಳ್ಳುವ ದಿನ ಹತ್ತಿರ ಬಂತು. ಅದಾದ ಮೇಲೆ ಹಿಂದೆ ಸರಿಯುವ ಹಾಗಿಲ್ಲ ಅಂತ ವಕೀಲರು ಹೇಳಿದ್ದರು. ಭಾನುವಾರ ಬೆಳಗ್ಗೆ ಅಮ್ಮ ದೋಸೆ ಹುಯ್ಯುತ್ತಾ ಶಾರದ ದೊಡ್ಡಮ್ಮನ ಹತ್ತಿರ ಸ್ಪೀಕರ್ ಹಾಕಿಕೊಂಡು ಮಾತಾಡುತ್ತಿದ್ದಳು. "ಇಲ್ಲೂ ಲೀಸ್ ಸಿಗುತ್ತೆ ಅಂತಾನೇ ಇಷ್ಟು ವರ್ಷ ಗೊತ್ತಿರಲಿಲ್ಲ ಕಣಕ್ಕಾ. ಬಿಡುವಾಗ ದುಡ್ಡು ಪೂರ್ತಿ ವಾಪಸ್. ನೀನು ನಿಮ್ಮ ಮನೆ ಹತ್ತಿರದ ಆ ಸೈಟು ಕೈ ಬಿಡಬೇಡ, ಹೇಳಿಟ್ಟಿರು."

ನನ್ನ ಕೈಯಲ್ಲಿದ್ದ ತಟ್ಟೆ ಕೈಯಲ್ಲೇ ಉಳಿಯಿತು. ಹೇಳದೆ ಇದ್ದಿದ್ದರೆ? ಒಂದು ಕ್ಷಣ ಹಾಗೂ ಅನಿಸಿತು, ಸುಳ್ಳು ಯಾಕೆ ಹೇಳಲಿ. ಆದರೆ ಅಮ್ಮ ಫೋನಿಟ್ಟು ನನ್ನ ತಟ್ಟೆಗೆ ದೋಸೆ ಹಾಕಿ, ಮೇಲೆ ತುಪ್ಪ ಸವರಿ, "ತಿನ್ನು, ಆರೋಗುತ್ತೆ" ಅಂದಳು ನೋಡಿ, ಬಾಯಿಂದ ತಾನಾಗೇ ಬಂದುಬಿಟ್ಟಿತು.

"ಅಮ್ಮಾ, ಈ ಲೀಸಿನಲ್ಲಿ ದುಡ್ಡು ವಾಪಸ್ ಬರಲ್ಲ."

"ಬರಲ್ಲ ಅಂದ್ರೆ?"

"ಇದು ಕೊಂಡುಕೊಳ್ಳೋದೇ ಅಮ್ಮ. ಬೇಡ ಅಂದ್ರೆ ಬೇರೆಯವರಿಗೆ ಮಾರಬೇಕು. ಹೆಚ್ಚಿಗೆ ಬರಬಹುದು, ಕಮ್ಮಿನೂ ಬರಬಹುದು. ಯಾರೂ ನಮಗೆ ಗಂಟು ಇಟ್ಕೊಂಡಿರಲ್ಲ."

"ಮತ್ತೆ ಲೀಸು ಅಂತ ಯಾಕೆ ಅಂತಾರೆ? ಎಷ್ಟು ವರ್ಷದ್ದು ಅದು?"

"ನೂರರ ಮೇಲಿದೆ."

"ನೂರಾ!" ಅಮ್ಮ ಜೋರಾಗಿ ನಕ್ಕಳು. "ಅಲ್ಲಿವರೆಗೆ ವಾಪಸ್ ಇಸಕೊಳ್ಳೋಕೆ ಯಾರಿರ್ತಾರೆ?" ಆ ನಗು ಅರ್ಧದಲ್ಲೇ ನಿಂತುಹೋಯಿತು. ದೋಸೆ ಕಲ್ಲಿನ ಕೆಳಗಿನ ಉರಿ ಆರಿಸಿ, ಸೌಟು ಹಿಟ್ಟಿನೊಳಗೇ ಬಿಟ್ಟು ರೂಮಿಗೆ ಹೋದಳು.

ಬೇಡ ಬಿಡಮ್ಮ, ನಾಳೆಯೇ ವಕೀಲರಿಗೆ ಹೇಳಿ ನಿಲ್ಲಿಸ್ತೀನಿ ಅಂತ ಬಾಗಿಲ ಹೊರಗಿನಿಂದ ಹೇಳಿದೆ. ನನಗೆ ಅಳು ಬಂದಿತ್ತು. ಕೈಜಾರಿದ ಫ್ಲ್ಯಾಟಿಗೋ, ಆ ಸಂಪಿಗೆ ಗಿಡದ ಮನೆಗೋ ನನಗೇ ತಿಳಿಯಲಿಲ್ಲ. ಒಳಗಿನಿಂದ ಬಂದದ್ದು ಒಂದೇ ಮಾತು, "ಶನಿವಾರದವರೆಗೆ ತಡಿ."

ಆ ವಾರ ಅಮ್ಮ ಬರೀ ತಿಳಿಸಾರು ಮಾಡಿದಳು. ಹಾಡಲಿಲ್ಲ, ಬೈಯಲಿಲ್ಲ. ಅವಳು ಬೈಯದಿದ್ದರೆ ನಮ್ಮ ಮನೆ ಆಸ್ಪತ್ರೆ ವಾರ್ಡಿನ ಹಾಗಿರುತ್ತದೆ. ನಾನು ಅಪ್ಪನ ಹತ್ತಿರ ಹೋಗಿ ಮುಖ ಜೋಲಿಸಿಕೊಂಡು ಕೂತರೆ, "ನಿಮ್ಮವ್ವ ಲೆಕ್ಕಾ ಹಾಕಲಿಕ್ಕೆ ಹತ್ಯಾಳ. ರೊಕ್ಕದ ಲೆಕ್ಕ ಅಲ್ಲ ಅದು. ನಡುವ ಬಾಯಿ ಹಾಕಬ್ಯಾಡ" ಅಂದರು. ಅವರ ಮುಖವೂ ಸಣ್ಣದಾಗಿತ್ತು. ಎರಡು ವರ್ಷಕ್ಕೆ ಅಂತ ಕರೆತಂದವರು ಅವರೇ ತಾನೆ.

ಶನಿವಾರ ನಾನು ಏಳುವಷ್ಟರಲ್ಲಿ ಅಮ್ಮ ಮನೆಯಲ್ಲಿಲ್ಲ. ಅಪ್ಪನ ಜೊತೆಯಿಲ್ಲದೆ, ನನ್ನ ಜೊತೆಯಿಲ್ಲದೆ ಅವಳು ಲಂಡನ್ ದಾಟಿದವಳಲ್ಲ. ಫೋನು ಮಾಡಿದರೆ ಎತ್ತಲಿಲ್ಲ. ಆಮೇಲೆ ಒಂದು ಮೆಸೇಜು ಬಂತು, "ಕ್ವೀನ್ಸ್‌ಬರಿಲಿದೀನಿ. ಊಟ ಮಾಡ್ಕೊಳ್ಳಿ."

ಸಂಜೆ ಬಂದಳು. ಕೋಟು ಒದ್ದೆ, ಕೈಯಲ್ಲಿ ಒಂದು ಚೀಲ. ಚೀಲದಲ್ಲಿ ಹಳೇ ಸ್ಟೀಲಿನ ಹಾಲಿನ ಪಾತ್ರೆ, ಸಿಸಿಲಿಯಾ ಆಂಟಿ ಕೊಟ್ಟದ್ದು. ಅಡುಗೆಮನೆಯಲ್ಲಿ ಕೋಟೂ ಬಿಚ್ಚದೆ ನಿಂತುಕೊಂಡು ಶುರುಮಾಡಿದಳು.

"ಅವರ ಕಡೆ ಮೂಲಗೇಣಿ ಅಂತ ಇದೆಯಂತೆ ಕಣೇ. ನೆಲ ಧಣಿದು, ಮನೆ ನಮ್ಮದು. ಗೇಣಿ ಕೊಟ್ಕೊಂಡು ತಲೆತಲಾಂತರ ಇರ್ತಾರಂತೆ. ಅವರಜ್ಜಿ ಮನೆ ಹಾಗೇ ಅಂತೆ. ಊರಿನಲ್ಲಿ ಯಾರನ್ನ ಕೇಳಿದ್ರೂ ಅದು ಧಣಿ ಮನೆ ಅನ್ನಲ್ಲವಂತೆ, ಅಜ್ಜಿ ಮನೆ ಅಂತಾನೇ ಅನ್ನೋದಂತೆ."

"ಹ್ಞೂಂ" ಅಂದೆ.

"ನಾನು ಕೇಳಿದೆ, ವಾಪಸ್ ಹೋಗೋಕೆ ನಿಮಗೆ ಹೇಗ್ರೀ ಧೈರ್ಯ ಬಂತು ಅಂತ. ಏನಂದ್ರು ಗೊತ್ತಾ? ಇಲ್ಲಿ ಸರಿಯಾಗಿ ಇದ್ದೆ ಮಾರಾಯ್ತಿ, ಅದಕ್ಕೇ ಹೋಗಲಿಕ್ಕೆ ಆಗ್ತಾ ಉಂಟು ಅಂದ್ರು." ಅಮ್ಮ ಪಾತ್ರೆಯನ್ನು ಕಟ್ಟೆಯ ಮೇಲಿಟ್ಟಳು. "ನಾನು ಅಲ್ಲಿಗೆ ಹೋಗಲೂ ಇಲ್ಲ, ಇಲ್ಲಿ ಇರಲೂ ಇಲ್ಲ ಪುಟ್ಟಿ. ಬರೀ ಕಾಯ್ತಾ ಕೂತೆ."

ನಾನು ಹೋಗಿ ಆ ಒದ್ದೆ ಕೋಟಿನ ಸಮೇತ ಅವಳನ್ನು ತಬ್ಬಿಕೊಂಡೆ. "ಬಿಡೇ, ನೀನೂ ಒದ್ದೆ ಆಗ್ತೀಯ" ಅಂದಳು, ಬಿಡಿಸಿಕೊಳ್ಳಲಿಲ್ಲ. ನನ್ನ ಭುಜಕ್ಕೆ ಮುಖ ಒತ್ತಿಕೊಂಡೇ ಹೇಳಿದಳು, "ದುಡ್ಡು ತಗೋ. ವಾಪಸ್ ಬೇಡ."

ಬೀಗದಕೈ ಕೈಗೆ ಬಂದದ್ದು ಏಪ್ರಿಲ್‌ನಲ್ಲಿ. ಆ ಬೀದಿಯ ಚೆರ್ರಿ ಮರಗಳೆಲ್ಲ ಹೂಬಿಟ್ಟು ಕಾರುಗಳ ಮೇಲೆ ಗುಲಾಬಿ ಬಣ್ಣದ ಎಸಳು ಉದುರುತ್ತಿದ್ದವು. ಸಿ‌ಸಿಲಿಯಾ ಆಂಟಿ ಹಿಂದಿನ ದಿನವೇ ವಿಮಾನ ಹತ್ತಿದ್ದರು. ಅಮ್ಮ ಅವರದೇ ಪಾತ್ರೆಯಲ್ಲಿ ಹಾಲಿಟ್ಟು, ಪೂರ್ವಕ್ಕೆ ಉಕ್ಕಲಿ ಅಂತ ಪಾತ್ರೆಯನ್ನು ಆ ಕಡೆ ಒಂಚೂರು ವಾಲಿಸಿದಳು. ಉಕ್ಕಿತು. ಉಕ್ಕಿತು ಅಂದರೆ ಉಕ್ಕುತ್ತಲೇ ಹೋಯಿತು. ಒಲೆ ಆರಿಸಿದರೂ ಕಾವು ಇಳಿಯದೆ ಹಾಲು ಸೀದು ಹೊಗೆಯೆದ್ದು ಅಲಾರ್ಮು ಬಡಿದುಕೊಳ್ಳತೊಡಗಿತು. ಅಪ್ಪ ಶಲ್ಯ ಬೀಸುತ್ತಾ, "ಫೈರ್ ಬ್ರಿಗೇಡ್ ಬಂದ್ರ ಅವರಿಗೂ ಪಾಯಸಾ ಹಾಕ್ರೆವ್ವಾ" ಅಂತ ಕೂಗಿದರು. ಕೆಳಗಿನ ಮನೆಯ ಐರಿಷ್ ಮುದುಕಪ್ಪ ಏನಾಯಿತು ಅಂತ ಓಡಿಬಂದ. ಬಂದವನಿಗೆ ಪಾಯಸ ಸಿಕ್ಕಿತು, ಎರಡು ಸಲ ಹಾಕಿಸಿಕೊಂಡ.

ಎಲ್ಲ ತಣ್ಣಗಾದ ಮೇಲೆ ನಾನು ಗೋಡೆ ರಿಪೇರಿಯ ಡಬ್ಬಿ ತೆಗೆದೆ. ಪೂರ್ವದ ಗೋಡೆಯಲ್ಲಿ ಏಸುವಿನ ಫೋಟೋ ಇದ್ದ ಜಾಗ ಬೆಳ್ಳಗೆ ಚೌಕವಾಗಿ ಉಳಿದಿತ್ತು, ಮೇಲೆ ಒಂದು ದಪ್ಪ ಮೊಳೆ. ಬಾಡಿಗೆಗೆ ಬರುವವರಿಗೆ ಗೋಡೆ ನುಣ್ಣಗಿರಬೇಕು ಅಂತ ವಿಡಿಯೋ ಹುಡುಗರು ಹೇಳಿದ್ದರಲ್ಲ. ಇಕ್ಕಳ ಹಾಕುವಷ್ಟರಲ್ಲಿ ಅಮ್ಮ, "ಏಯ್, ಕೈ ತೆಗಿ" ಅಂದಳು. ಚೀಲದಿಂದ ಆ ಹಳೇ ರೇಷ್ಮೆ ಸೀರೆಯ ಗಂಟು ತೆಗೆದಳು. ಬಿಚ್ಚಿದಳು. ಚಪ್ಪಲಿಯಿಲ್ಲದ ಕಾಲಿನಲ್ಲಿ ಸ್ಟೂಲು ಹತ್ತಿ ಚಾಮುಂಡಿಯನ್ನು ಸಿಸಿಲಿಯಾ ಆಂಟಿಯ ಮೊಳೆಗೆ ತಗುಲಿಹಾಕಿದಳು. ಫೋಟೋ ಚಿಕ್ಕದು, ಸುತ್ತ ಏಸುವಿನ ಬಿಳಿ ಅಂಚು ಹಾಗೇ ಉಳಿಯಿತು. ಸಟನ್ನಿನಲ್ಲಿ ಅಪ್ಪ ಅಮ್ಮ ತಮ್ಮದೇ ಮನೆ ಕೊಳ್ಳುವವರೆಗೂ ದೇವಿ ಅಲ್ಲೇ ಇದ್ದಳು.

ಅವತ್ತು ಸಂಜೆ ಮೂವರೂ ಸಟನ್ನಿಗೆ ಬಂದೆವು, ನನ್ನ ಸಾಮಾನು ಇನ್ನೂ ಅಲ್ಲೇ ಇತ್ತಲ್ಲ. ಬೆಳಗಿನ ಪಾಯಸ, ಒಂದಿಷ್ಟು ಅನ್ನ ಸಾರು. ನಾನೂ ಅಪ್ಪನೂ ನಮ್ಮ ನಮ್ಮ ಕುರ್ಚಿಯಲ್ಲಿ ಕೂತೆವು. ದೇವಿಯ ಕುರ್ಚಿ ಖಾಲಿಯಿತ್ತು. ಅಮ್ಮ ತಟ್ಟೆ ಹಿಡಿದುಕೊಂಡು ಬಂದು ಒಂದು ಗಳಿಗೆ ನಿಂತಳು, ಆಮೇಲೆ ಹೋಗಿ ಅದರಲ್ಲೇ ಕೂತಳು. ಆ ಕುರ್ಚಿ ಕಿಟಕಿಗೆ ಎದುರಾಗಿತ್ತು. ಹೊರಗೆ ಇನ್ನೂ ಬೆಳಕಿತ್ತು, ಹಿತ್ತಲ ಬೇಲಿಯಾಚೆ ಪಕ್ಕದ ಮನೆಯವರ ಸೇಬಿನ ಮರ ಮೈತುಂಬ ಬಿಳಿ ಹೂ ಹೊತ್ತು ನಿಂತಿತ್ತು.

ಅಮ್ಮ ತುತ್ತು ಕೈಯಲ್ಲೇ ಹಿಡಿದು ನೋಡಿದಳು. "ಆ ಮರ ಯಾವಾಗಿಂದ ಇದೆ ಅಲ್ಲಿ?"

ಅಪ್ಪ ತಲೆ ಎತ್ತಲಿಲ್ಲ. "ನಾವು ಬರೂಕಿಂತ ಮೊದಲಿಂದ ಅದ."